ಅರ್ಧ ಗುಡ್ಡದ ಎದುರು ಇಡೀ ಗುಡ್ಡ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಗಡಿಯಾರ ನೋಡಿದ್ದು ನೆನಪಿದೆ, ಐದಕ್ಕೆ ಕೋಲಾರದ ಬಸ್ಸು ಹಿಡಿಯಬೇಕಿತ್ತು. ಕಲ್ಲು ಕ್ವಾರಿಯ ಕೆಂಪು ಬಾವುಟದವನು ನಮ್ಮತ್ತ ಬಂದದ್ದು ಆಗಲೇ.

ಅಣ್ಣ ಚಿತ್ರಕಾರ. ಸುಗಟೂರಿನ ಆಚೆ, ಚಿಕ್ಕಂದಿನಲ್ಲಿ ನಾವು ಕುರಿ ಮೇಯಿಸುತ್ತಿದ್ದ ಕಲ್ಲುಗುಡ್ಡವನ್ನು ಬರೆಯಲು ಮೂರು ದಿನದಿಂದ ಹೋಗುತ್ತಿದ್ದ. ಜೊತೆಗೆ ನಾನು. ಗುಡ್ಡ ಅರ್ಧ ಉಳಿದಿತ್ತು. ಅವನ ಕ್ಯಾನ್ವಾಸಿನಲ್ಲಿ ಮಾತ್ರ ಇಡಿಯಾಗಿತ್ತು. ಇಲ್ಲದ್ದನ್ನು ಬರೆಯಲು ಇಲ್ಲಿಗೇಕೆ ಬರಬೇಕು ಎಂದು ಕೇಳಿದ್ದೆ.

"ಬೆಳಕಾದ್ರೂ ಅದೇ ಇದೆಯಲ್ಲಮ್ಮ."

ಬಾವುಟದವನು ಚಿತ್ರ ನೋಡಿ ನಕ್ಕ. "ಏನ್ ಸಾರ್, ಈ ತುದೀಲಿರೋ ಬಂಡೆ ಎಲ್ಲೈತೆ? ಅದು ಜಲ್ಲಿಯಾಗಿ ಯಾರ್ದೋ ಮನೆ ಮೋಲ್ಡಿಗೆ ಬಿದ್ದು ಎರಡು ವರ್ಷ ಆಯ್ತು."

"ಅದಕ್ಕೇ ವಾಪಸ್ ಇಡ್ತಾ ಇರೋದು ಕಣಯ್ಯ."

"ಇಡಿ ಇಡಿ, ನಾಳೆ ಅದನ್ನೂ ಹೊಡೀತೀವಿ. ಈಗ ಏಳಿ ಸಾರ್. ಐದು ಕುಳಿಗೆ ಮದ್ದು ತುಂಬಿದೀವಿ. ನಾನು ವಿಷಲ್ ಊದೋವರ್ಗೂ ಮರೆ ಬಿಟ್ಟು ಬರ್ಬೇಡಿ."

ಬಣ್ಣ ಹಸಿಯಾಗಿದ್ದರಿಂದ ಕ್ಯಾನ್ವಾಸು ಸ್ಟ್ಯಾಂಡಿನ ಮೇಲೇ ಉಳಿಯಿತು. ನಾವು ದೊಡ್ಡ ಬಂಡೆಯೊಂದರ ಹಿಂದೆ ಕುಳಿತೆವು. ಸಿಡಿತದ ಸದ್ದು ಎಣಿಸುವುದು ನಮ್ಮ ಹಳೆಯ ಆಟ. ಎಷ್ಟು ಕುಳಿಯೋ ಅಷ್ಟು ಸದ್ದು; ಎಣಿಕೆ ಮುಗಿದರೆ ವಿಷಲ್‌ಗೂ ಮೊದಲೇ ಓಡಿಹೋಗಿ ಬಿಸಿ ಚೂರು ಆಯುತ್ತಿದ್ದೆವು. ಅಣ್ಣ ಬೆರಳು ಮಡಚುತ್ತ ಎಣಿಸಿದ. ನಾನೂ ಎಣಿಸಿದೆ. ಐದು.

"ಮುಗೀತು. ಧೂಳೆಲ್ಲ ಬಣ್ಣಕ್ಕೆ ಅಂಟುತ್ತೆ" ಎಂದು ಎದ್ದು ಹೋದ.

ನಮ್ಮ ಕಾಲದಲ್ಲಿ ಗುಡ್ಡ ದುಂಡಗಿತ್ತು, ಸದ್ದನ್ನು ಹಿಂದಿರುಗಿಸುತ್ತಿರಲಿಲ್ಲ. ಈಗ ಅದರ ಮೈ ಕೊಯ್ದ ಗೋಡೆಯಂತೆ ನಿಂತಿದೆ. ನಾವು ಎಣಿಸಿದ್ದರಲ್ಲಿ ಒಂದು ಪ್ರತಿಧ್ವನಿ. ಐದನೆಯ ಕುಳಿ ನಿಜಕ್ಕೂ ಸಿಡಿದಾಗ ಅಣ್ಣ ಬಲಗೈ ಚಾಚಿ ಕ್ಯಾನ್ವಾಸು ಎತ್ತಿಕೊಳ್ಳುತ್ತಿದ್ದ. ತೆಂಗಿನಕಾಯಿ ಗಾತ್ರದ ಕಲ್ಲು ಮಣಿಕಟ್ಟಿಗೆ ಬಿತ್ತು. ಬಾವುಟದವನು "ಅಯ್ಯಯ್ಯೋ, ವಿಷಲ್ ಊದಿಲ್ವಲ್ಲ ಸಾರ್!" ಎಂದು ಕೂಗುತ್ತ ಓಡಿ ಬಂದ. ತನ್ನ ಟವೆಲಿನಿಂದ ಕೈ ಕಟ್ಟಿ, ಟಿಪ್ಪರಿನಲ್ಲಿ ಕೂರಿಸಿ ಕೋಲಾರಕ್ಕೆ ಕಳಿಸಿದವನೂ ಅವನೇ.

ಮೂಳೆ ಕೂಡುತ್ತದೆ, ಬೆರಳಿನ ವಿಷಯ ಈಗಲೇ ಹೇಳಲಾಗದು ಎಂದರು ಡಾಕ್ಟರು. ಅಣ್ಣನಿಗೆ ಬೇರೆ ಕೆಲಸ ಬರುವುದಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಸುಮ್ಮನೆ ದಣಿದೆ. ಮಲಗಿದರೆ ಎಣಿಕೆ ಶುರುವಾಗುತ್ತಿತ್ತು, ನಾಲ್ಕಕ್ಕೆ ಬಂದಾಗ ಎಚ್ಚರ. ನಾನೂ ಎಣಿಸಿದ್ದೆ, ಅವನ ಅಂಗಿ ಹಿಡಿದು ಎಳೆಯಬಹುದಿತ್ತು. ಪಟ್ಟಿ ಬಿಚ್ಚಿದ ಮೇಲೆ ಅಣ್ಣ ದಿನವಿಡೀ ರಬ್ಬರ್ ಚೆಂಡು ಹಿಸುಕುತ್ತ ಕೂರುತ್ತಿದ್ದ. ಚಮಚ ಜಾರಿ ಬೀಳುತ್ತಿತ್ತು. ಇಬ್ಬರೂ ಅದನ್ನು ನೋಡದವರಂತೆ ಇರುತ್ತಿದ್ದೆವು.

ಒಂದು ಭಾನುವಾರ ಮಧ್ಯಾಹ್ನ ಹಜಾರದಿಂದ ಬೈಗುಳ ಕೇಳಿಸಿತು. "ಥೂ, ದರಿದ್ರ ಗೀಟು!"

ಹೋಗಿ ನೋಡಿದರೆ ಬಲಗೈಯ ಹೆಬ್ಬೆರಳಿಗೂ ಎರಡು ಬೆರಳಿಗೂ ನಡುವೆ ಇದ್ದಿಲ ಕಡ್ಡಿ ಹಿಡಿದು, ಹಳೆಯ ಪೇಪರಿನ ಮೇಲೆ ಅಡ್ಡಾದಿಡ್ಡಿ ಎಳೆಯುತ್ತಿದ್ದ. ಅಳಿಸಿದ. ಮತ್ತೆ ಎಳೆದ.

"ಏನ್ ನೋಡ್ತೀಯ? ಹೋಗಿ ಕಾಫಿ ತಾ."

ಅಂದು ರಾತ್ರಿ ಊಟ ಮಾಡಿ ಮಲಗಿದವಳಿಗೆ ಎಣಿಕೆ ಶುರುವಾಗಲಿಲ್ಲ; ಎಚ್ಚರವಾದದ್ದು ಬೆಳಿಗ್ಗೆ ಕಿಟಕಿಯ ಬಿಸಿಲು ಮುಖ ಸುಟ್ಟಾಗ.