ಬೊಟ್ಟಿಟ್ಟುಕೊಂಡ ಕಾರು

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ನಲವತ್ತು ವರ್ಷಗಳಿಂದ ನಾನೊಂದು ಕಾರಿನ ಮಾಲೀಕ. ಉದ್ದ ಒಂದು ಗೇಣಿನ ಮೇಲೆ ನಾಲ್ಕು ಬೆರಳು. ಬಣ್ಣ ಒಂದು ಕಾಲಕ್ಕೆ ಬಿಳಿ, ಈಗ ಹಳೆಯ ತುಪ್ಪದ್ದು. ರಿಮೋಟಿನ ಕಡ್ಡಿಯನ್ನು ಉದ್ದಕ್ಕೆ ಎಳೆದು ಗುಂಡಿ ಒತ್ತಿದರೆ ಗುಯ್ಯೆಂದು ಓಡುತ್ತಿತ್ತು. ಓಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಓಡದ ಕಾರಿಗೆ ಲೈಸೆನ್ಸು ಬೇಡ ಎಂಬುದೊಂದೇ ನನಗಿರುವ ಸಮಾಧಾನ.

ಈ ಕಾರು ಮುಂದೊಂದು ದಿನ ಆಂಟಿಕ್ ಆಗುತ್ತದೆಯೇ? ಈಚೆಗೆ ದೋಸೆ ಹಿಟ್ಟು ಹುದುಗುವುದನ್ನು ಕಾಯುವಾಗಲೆಲ್ಲ ನಾನು ಯೋಚಿಸುವುದು ಇದನ್ನೇ. ಕೋಲ್ಕತಾದಲ್ಲಿ ಹಳೆಯದಕ್ಕೇನೂ ಬರವಿಲ್ಲ. ಆದರೆ ಹಳೆಯದೆಲ್ಲ ಆಂಟಿಕ್ ಅಲ್ಲ. ನನ್ನ ಲೆಕ್ಕದಲ್ಲಿ ಆಟದ ಸಾಮಾನು ಮೊದಲ ಐದು ವರ್ಷ ಆಟಿಕೆ, ಆಮೇಲೆ ನಲವತ್ತು ವರ್ಷ ಗುಜರಿ, ಅದನ್ನೂ ದಾಟಿದರೆ ಆಂಟಿಕ್. ಕಷ್ಟವಿರುವುದು ಆ ಗುಜರಿಯ ನಲವತ್ತು ವರ್ಷಗಳನ್ನು ದಾಟುವುದರಲ್ಲಿ. ಅಜ್ಜನ ಕಾಲದ ಬೀರು ಉಳಿಯುವುದು ಅದನ್ನು ಎತ್ತಿ ಹೊರಗೆ ಹಾಕಲು ನಾಲ್ಕು ಜನ ಬೇಕಾಗುತ್ತದೆ ಎಂಬ ಕಾರಣಕ್ಕೆ. ಪ್ಲಾಸ್ಟಿಕ್ ಕಾರಿಗೆ ಆ ಭಾಗ್ಯವಿಲ್ಲ. ಹೊಟ್ಟೆಯೊಳಗಿನ ಬ್ಯಾಟರಿಯೇ ಸೋರಿ ಅದರ ಕರುಳು ತಿನ್ನುತ್ತದೆ. ನಮ್ಮ ಕಾರು ಉಳಿದದ್ದು ಅಮ್ಮನಿಂದ. ಅವಳು ಏನನ್ನೂ ಎಸೆಯುವವಳಲ್ಲ. "ಇರ್ಲಿ, ಬೇಕಾಗ್ತದೆ" ಎಂದು ಅಟ್ಟಕ್ಕೆ ಸೇರಿಸುವವಳು.

ಅದು ಬಂದದ್ದು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಚಿಕ್ಕಪ್ಪನಿಂದ. ಆಗ ಅಪ್ಪ ಉಡುಪಿಯಿಂದ ಬಂದು ಕೋಲ್ಕತಾದ ಗರಿಯಾಹಾಟಿನಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಅದರ ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಮೇಲಿನ ಮನೆಯ ಬಾಬುವಾನ ಬಳಿಯೂ ಒಂದು ರಿಮೋಟ್ ಕಾರಿತ್ತು. ಎರಡೂ ಒಂದೇ ತರಂಗದವು ಎಂದು ನಮಗೇನು ಗೊತ್ತು? ಒಂದು ಮಧ್ಯಾಹ್ನ ಅವನು ಮಹಡಿಯಲ್ಲಿ ಗುಂಡಿ ಒತ್ತಿದ, ಕೆಳಗೆ ನನ್ನ ಕಾರು ತಾನಾಗಿಯೇ ಹೊರಟು ಅಮ್ಮನ ಹಪ್ಪಳದ ಮೇಲೆ ಹಾದು ಮಂಚದಡಿ ಸೇರಿತು. ಅಮ್ಮ ಕ್ಷಣವೂ ತಡಮಾಡದೆ ರೋಗವನ್ನು ಪತ್ತೆಮಾಡಿದಳು. "ಇದಕ್ಕೆ ದೃಷ್ಟಿ ಆಗಿದೆ!"

ಹಾಗಾಗಿ ಆ ವರ್ಷ ಮಹಾನವಮಿಯ ಆಯುಧಪೂಜೆಯಲ್ಲಿ ರುಬ್ಬುವ ಯಂತ್ರ, ದೋಸೆಕಲ್ಲು, ಅಪ್ಪನ ಸೈಕಲ್ಲುಗಳ ಸಾಲಿನಲ್ಲಿ ನನ್ನ ಕಾರೂ ನಿಂತಿತು. ನೆತ್ತಿಗೆ ಕುಂಕುಮದ ಬೊಟ್ಟು, ರಿಮೋಟಿನ ಕಡ್ಡಿಗೆ ದಾಸವಾಳ, ಚಕ್ರದಡಿಗೆ ನಿಂಬೆಹಣ್ಣು. ಲಾರಿಯಾದರೆ ನಿಂಬೆಯನ್ನು ಅರೆದು ಮುಂದೆ ಹೋಗುತ್ತಿತ್ತು. ನಮ್ಮದು ನಿಂಬೆಯೆದುರು ಗುಯ್ಯೆಂದು ಅಳುತ್ತ ನಿಂತುಬಿಟ್ಟಿತು. ಕೊನೆಗೆ ಅಪ್ಪನೇ ಅದರ ತಲೆಯನ್ನು ಅಂಗೈಯಲ್ಲಿ ಅದುಮಿ ಶಾಸ್ತ್ರ ಮುಗಿಸಿದರು. ಪ್ರತಿವರ್ಷವೂ ಹೀಗೇ. ನಾಲ್ಕನೆಯ ನವಮಿಗೆ ರಸ ಒಳಗಿಳಿದು ಕಾರು ಶಾಶ್ವತವಾಗಿ ನಿಂತಿತು. ಕಾಯಲೆಂದು ಇಟ್ಟ ನಿಂಬೆಯೇ ಅದರ ಪ್ರಾಣ ತೆಗೆಯಿತು. ಅಂದಿನಿಂದ ನಿಂಬೆ ನಿಂತಿತು, ಬೊಟ್ಟು ಮಾತ್ರ ನಿಲ್ಲಲಿಲ್ಲ.

ಈ ಸಲ ಮಳೆಗಾಲದಲ್ಲಿ ನಮ್ಮ ಹೋಟೆಲಿಗೆ ಬಾರಾನಗರದ ಶ್ಯಾಮಲ್‌ದಾ ಎಂಬವರು ಬಂದರು. ಹಳೆಯ ಆಟಿಕೆಗಳನ್ನು ಕೂಡಿಡುವುದು ಅವರ ಹುಚ್ಚು. ಚಳಿಗಾಲದಲ್ಲಿ ಪ್ರದರ್ಶನ ಮಾಡುತ್ತಾರಂತೆ. ಪ್ರತಿ ಆಟಿಕೆಯ ಪಕ್ಕದಲ್ಲಿ ಮಾಲೀಕನ ಹೆಸರಿನ ಫಲಕ ಇಡುತ್ತಾರಂತೆ. ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ? ಹೋಟೆಲಿಗೆ ಕೃಷ್ಣನ ಹೆಸರು, ಕರೆಂಟು ಬಿಲ್ಲಿಗೆ ಇಂದಿಗೂ ಅಪ್ಪನ ಹೆಸರು. ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ನಾನೇ ಎಲ್ಲೂ ಕಂಡಿಲ್ಲ. ಓಡಿಹೋಗಿ ಕಾರು ತಂದೆ.

ಅವರು ಭೂತಗನ್ನಡಿ ಹಿಡಿದು ವೈದ್ಯರಂತೆ ನೋಡಿದರು. "ಡಿಬ್ಬಾ ಹೈ?" ಎಂದರು. ಕಾರು ಬಂದ ಡಬ್ಬ ಇತ್ತು, ಆದರೆ ಅದು ದೇವರ ಗೂಡಿನಲ್ಲಿ ಅಮ್ಮನ ಹತ್ತಿ, ಹೂಬತ್ತಿಗಳನ್ನು ಹೊತ್ತು ಎಣ್ಣೆ ಕುಡಿದು ಕೂತಿತ್ತು. ಅದನ್ನು ಅವರು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ಆದರೆ ಕಾರಿನ ಮೈಮೇಲಿದ್ದ ಗುಲಾಬಿ ಕಲೆಗಳನ್ನು ಕ್ಷಮಿಸಲಿಲ್ಲ. "ಏ ದಾಗ್ ನಹೀ ಚಲೇಗಾ, ದಾದಾ. ಸಾಫ್ ಕರ್‌ಕೆ ದೀಜಿಯೆ." ಕಲೆ ತೆಗೆದರೆ ಪ್ರದರ್ಶನಕ್ಕೆ, ಇಲ್ಲವಾದರೆ ಇಲ್ಲ.

ಬಲ್ಲವರು ಹೇಳುವಂತೆ ಹಳೆಯ ಕಂಚಿನ ಮೇಲಿನ ಕಿಲುಬನ್ನು ಉಜ್ಜಬಾರದು, ಉಜ್ಜಿದರೆ ಅದರ ಯೋಗ್ಯತೆಯೇ ಹೋಗುತ್ತದೆ. ನಮ್ಮ ಹೆಂಗಸರು ಹುಣಸೆಹಣ್ಣು ಹಿಡಿದು ಜನ್ಮವಿಡೀ ಅಟ್ಟಾಡಿಸಿದ ಕಿಲುಬಿಗೆ ಅಷ್ಟು ಮರ್ಯಾದೆ. ಕುಂಕುಮಕ್ಕೇಕಿಲ್ಲ? ಕೇಳಬೇಕೆನಿಸಿತು, ಕೇಳಲಿಲ್ಲ. ಫಲಕ ಕಣ್ಣ ಮುಂದಿತ್ತಲ್ಲ.

ಅಂತೂ ನವಮಿ ಬಂತು. ಅಮ್ಮನಿಗೆ ಈಗ ಎಂಬತ್ಮೂರು. ಕಣ್ಣು ಮಂಜು, ಕೈ ನಡುಕ, ಮರೆವು ಬೇರೆ. ಈ ವರ್ಷ ಕಾರನ್ನು ಅವಳು ಮರೆತೇ ಇರುತ್ತಾಳೆ, ಹೊಸ ಬೊಟ್ಟು ಬೀಳುವ ಮೊದಲೇ ಹಳೆಯದನ್ನು ಅಳಿಸಿ ಅಡಗಿಸಿಡೋಣ ಎಂಬುದು ನನ್ನ ಘನ ಉಪಾಯ. ಬೆಳಿಗ್ಗೆ ಬೀದಿಯ ಪೂಜಾ ಪೆಂಡಾಲಿನಲ್ಲಿ ಢಾಕ್ ಡೋಲು ಬಾರಿಸುತ್ತಿದ್ದಾಗ, ಕಾರಿನದೇ ಡಬ್ಬದಿಂದ ಚೂರು ಹತ್ತಿ ಕದ್ದು, ತೆಂಗಿನೆಣ್ಣೆ ಮುಟ್ಟಿಸಿ ಕಿಟಕಿಯ ಬಳಿ ಕೂತೆ.

ಬೆಳಕಿನಲ್ಲಿ ಮೊದಲ ಸಲ ಆ ಕಲೆಗಳನ್ನು ಸರಿಯಾಗಿ ನೋಡಿದೆ. ನೆತ್ತಿಯ ನಟ್ಟನಡುವೆ ದುಂಡಗಿನ ಗಾಢ ಕಲೆ. ಎಷ್ಟೋ ವರ್ಷ ಬೊಟ್ಟಿನ ಮೇಲೇ ಬೊಟ್ಟು ಬಿದ್ದದ್ದು. ಅಲ್ಲಿಂದ ಒಂದು ಕೊಂಚ ಎಡಕ್ಕೆ ಜಾರಿದೆ. ಇನ್ನೊಂದು ಗಾಜಿನ ಮೇಲೆ. ಮತ್ತೊಂದು ಬಾಗಿಲ ಮೇಲೆ ಬಾಲ ಎಳೆದುಕೊಂಡಿದೆ. ಕಳೆದ ವರ್ಷದ್ದು ಚಕ್ರದ ಮೇಲಿದೆ. ಅಮ್ಮನಿಗೆ ವಯಸ್ಸಾದದ್ದು ನನಗೆ ಕಾಣದೇ ಹೋಗಿತ್ತು. ಕಾರು ವರ್ಷಕ್ಕೊಂದರಂತೆ ಬರೆದಿಟ್ಟುಕೊಂಡಿತ್ತು. ಹತ್ತಿ ಹಿಡಿದ ಕೈ ಅಲ್ಲೇ ನಿಂತಿತು.

"ಎಂತ ಮಾಡ್ತಿದ್ದಿ?" ಗೋಡೆ ಹಿಡಿದುಕೊಂಡು ಬಂದ ಅಮ್ಮ ಬಗ್ಗಿ ನೋಡಿದಳು. "ಓ, ಕಾರು ಒರೆಸ್ತಿದ್ದಿಯಾ? ನಾನು ಮರ್ತೇ ಬಿಟ್ಟಿದ್ದೆ ಮಾರಾಯ! ನೀನಾದ್ರೂ ನೆನಪು ಇಟ್ಟುಕೊಂಡದ್ದು ಒಳ್ಳೇದಾಯ್ತು. ಹೋಗು, ಕುಂಕುಮದ ಭರಣಿ ತಾ."

ಕಳ್ಳನಿಗೆ ಶಾಲು ಹೊದಿಸಿದಂತಾಯಿತು. ಭರಣಿ ತಂದು, ಕಾರನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅವಳ ಬೆರಳು ಗಾಳಿಯಲ್ಲಿ ಕೊಂಚ ಹುಡುಕಾಡಿ ಇಳಿಯಿತು. ಬೊಟ್ಟು ಬಿದ್ದದ್ದು ಕಾರನ್ನು ಹಿಡಿದಿದ್ದ ನನ್ನ ಹೆಬ್ಬೆರಳಿನ ಮೇಲೆ.

"ಸರೀ ಬಿತ್ತಾ?"

"ಸರಿಯಾಗೇ ಬಿತ್ತಮ್ಮ."

ಸಂಜೆ ಶ್ಯಾಮಲ್‌ದಾಗೆ ಫೋನು ಮಾಡಿ, ಕಾರು ಕೊಡಲಾಗುವುದಿಲ್ಲ, ಅದಿನ್ನೂ ಆಂಟಿಕ್ ಆಗಿಲ್ಲ, ನಮ್ಮ ಮನೆಯಲ್ಲಿ ಬಳಕೆಯಲ್ಲಿದೆ ಎಂದೆ. "ಚಲ್ತಾ ಹೈ?" ಎಂದು ಅವರು ಬೆರಗಾದರು. ಓಡುವುದಿಲ್ಲ, ಆದರೆ ಬಳಕೆಯಲ್ಲಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಒಳ್ಳೆಯ ಮನುಷ್ಯ, ಆಂಟಿಕ್ ಆದಾಗ ತಪ್ಪದೆ ತಿಳಿಸಿ ಎಂದರು. ಹೂಂ ಎಂದೆ. ಆ ದಿನ ಆದಷ್ಟು ತಡವಾಗಿ ಬರಲಿ ಎಂದುಕೊಂಡು ಫೋನಿಟ್ಟು, ಹೆಬ್ಬೆರಳು ಒದ್ದೆಯಾಗದಂತೆ ಕೈ ತೊಳೆದುಕೊಂಡೆ.