ಕೆಂಡರಾಯನ ಎಡಗೈ

ನಮ್ಮಕ್ಕನನ್ನು ದಿನಕ್ಕೆ ನಾಲ್ಕು ಸಲ ಕೊಲ್ಲುತ್ತಿದ್ದರು, ರಜಾ ದಿನವಾದರೆ ಐದು. ಟಿಕೆಟ್ ಕೊಂಡು ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳೆಂದು ನಾನೂ ಒಂದೆರಡು ಸಲ ತಟ್ಟಿದ್ದೇನೆ. ಆದರೆ ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಅದನ್ನು ಮುಚ್ಚಿಟ್ಟುಕೊಂಡು ನಯವಾಗಿ ಹೇಳು ಎಂದರೆ ನನ್ನ ಕೈಲಾಗದು. ನಾನು ಬಸ್ ಕಂಡಕ್ಟರ್, ಹಿಂದಿನ ಸೀಟಿನವರೆಗೂ ಕೇಳಿಸುವಂತೆ ಮಾತಾಡಿಯೇ ಅಭ್ಯಾಸ.

ಊರಾಚೆ ಒಂದು ಮನರಂಜನಾ ಪಾರ್ಕ್ ಇದೆ. ತಿರುಗುವ ಕುದುರೆ, ನೀರಿನ ಜಾರುಬಂಡಿ, ಕನ್ನಡಿ ಮನೆ ಎಲ್ಲ ಇದ್ದರೂ ಜನ ಬರುವುದು ಅಲ್ಲಿನ ಡ್ರ್ಯಾಗನ್ ನಾಟಕಕ್ಕೆ. ಆ ಡ್ರ್ಯಾಗನ್ನಿನ ಒಳಗಿದ್ದವಳು ನಮ್ಮಕ್ಕ. ನಾಟಕದ ಕಥೆ ಬರೆದವರು ಪಾರ್ಕಿನ ಮಾಲೀಕರ ಅಳಿಯ. ಕೈ ಹಾಕಿದ ವ್ಯಾಪಾರವನ್ನೆಲ್ಲ ಮುಳುಗಿಸಿದ ಮೇಲೆ ಮಾವ ಅವರನ್ನು ಇಲ್ಲಿ ಮ್ಯಾನೇಜರ್ ಮಾಡಿ ಕೂರಿಸಿದ್ದರು. ಕೆಲಸದವರು ಅವರನ್ನು ಎದುರಿಗೆ ಸಾರ್ ಎಂದೂ ಬೆನ್ನ ಹಿಂದೆ ಕಥೆ ಅಳಿಯ ಎಂದೂ ಕರೆಯುತ್ತಿದ್ದರು.

ಕಥೆ ಹೀಗಿದೆ. ಮೊದಲು ಲೋಕದಲ್ಲಿ ಏನೂ ಇರಲಿಲ್ಲ, ಬರೀ ಚಳಿ ಇತ್ತು. ಒಂಟಿಯಾಗಿದ್ದು ಬೇಸತ್ತ ಚಳಿ ಒಂದು ಮೊಟ್ಟೆ ಇಟ್ಟಿತು. ಅದರಿಂದ ಹೊರಬಂದವನು ಕೆಂಡರಾಯ ಎಂಬ ಡ್ರ್ಯಾಗನ್. ಅವನು ಆಕಳಿಸಿದಾಗ ಸೂರ್ಯ ಹುಟ್ಟಿದ, ಸೀನಿದಾಗ ನಕ್ಷತ್ರಗಳು ಚೆಲ್ಲಾಪಿಲ್ಲಿಯಾದವು. ಅವನ ನಾಲಿಗೆಯಡಿ ಒಂದು ಕೆಂಡ, ಲೋಕದ ಮಂತ್ರಶಕ್ತಿಯೆಲ್ಲ ಅದರೊಳಗೆ. ಮನುಷ್ಯರು ಚಳಿಯಲ್ಲಿ ನಡುಗುತ್ತ ಬಂದು ಕೇಳಿದರು: ಒಲೆಗೊಂದು ಚೂರು, ದೀಪಕ್ಕೊಂದು ಚೂರು, ಮಗುವಿನ ಕಾಯಿಲೆ ವಾಸಿಮಾಡಲು ಒಂದು ಚೂರು. ಒಂದೊಂದು ಚೂರು ಕೊಟ್ಟಾಗಲೂ ಅವನ ಬೆನ್ನಿನಿಂದ ಒಂದು ಚಿಪ್ಪು ಉದುರುತ್ತಿತ್ತು. ಆದರೂ ಕೊಟ್ಟ. ಬೆನ್ನೆಲ್ಲ ಬೋಳಾದ ಮೇಲೆ ಒಬ್ಬ ರಾಜಕುಮಾರ ಬಂದು, ಉಳಿದದ್ದಷ್ಟೂ ನನಗೇ ಕೊಡು ಎಂದ. ಕೊಡುವುದಿಲ್ಲ ಎಂದದ್ದಕ್ಕೆ ಕತ್ತಿಯಿಂದ ತಿವಿದ. ಕೆಂಡರಾಯ ಸತ್ತ. ಮಕ್ಕಳೆಲ್ಲ ಸೇರಿ ಹಾಡಿದರು, ಮತ್ತೊಂದು ಮೊಟ್ಟೆ ಕಾಣಿಸಿತು, ಪರದೆ ಬಿತ್ತು.

ಮೊದಲ ಸಲ ನೋಡಿದಾಗಲೇ ನನಗೆ ತಲೆ ಕೆಟ್ಟಿತ್ತು. ಕೊಟ್ಟು ಕೊಟ್ಟು ಬೋಳಾದವನಿಗೇ ಕತ್ತಿಯೇ? ತಿವಿದವನಿಗೆ ಒಂದು ಶಿಕ್ಷೆ ಬೇಡವೇ? ಶಿಕ್ಷೆ ಹಾಗಿರಲಿ, ಪರದೆ ಬಿದ್ದ ಮೇಲೆ ರಾಜಕುಮಾರ ಹೊರಗೆ ಬಂದು ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾನೆ. ಅಕ್ಕನನ್ನು ಕೇಳಿದರೆ ಅವಳು ನಕ್ಕು, "ಪುರಾಣ ಅಂದ್ರೆ ಹಾಗೇ ಕಣೇ" ಅಂದಳು. ಪುರಾಣವಂತೆ! ಆಫೀಸ್ ರೂಮಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಅಳಿಯ ಹೆಣೆದದ್ದು ಪುರಾಣ. ಆದರೆ ಅಕ್ಕ ಅದನ್ನು ನಂಬಿದ್ದಳು. ಮನೆಯಲ್ಲಿ ನನ್ನ ಮಕ್ಕಳು ಕಿತ್ತಾಡಿದರೆ, ನೋಡಿ, ಈಗ ಒಂದು ಚಿಪ್ಪು ಉದುರಿತು ಎನ್ನುತ್ತಿದ್ದಳು. ನನ್ನ ಗದರಿಕೆಗೆ ಜಗ್ಗದವು ಅವಳ ಒಂದು ಮಾತಿಗೆ ತೆಪ್ಪಗಾಗುತ್ತಿದ್ದವು.

ಅವಳ ಬೆನ್ನಿನಿಂದ ಎಷ್ಟು ಚಿಪ್ಪು ಉದುರಿತೆಂದು ಯಾರೂ ಕೇಳಿದವರಿಲ್ಲ. ಅಮ್ಮ ತೀರಿಕೊಂಡಾಗ ನಾನು ಇನ್ನೂ ಲಂಗ ತೊಡುವ ಹುಡುಗಿ. ಅಕ್ಕ ಸ್ಕೂಲು ಬಿಟ್ಟಳು, ನನ್ನನ್ನು ಬಿಡಲು ಬಿಡಲಿಲ್ಲ. ತಾನು ಮದುವೆಯಾಗಲಿಲ್ಲ, ನನ್ನ ಮದುವೆ ಮಾಡಿಸಿದಳು. ಅವರಿವರ ಮನೆ ಕೆಲಸ ಮಾಡಿ, ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿದು, ತಲೆ ನರೆಯುವ ಹೊತ್ತಿಗೆ ಪಾರ್ಕಿನಲ್ಲಿ ಗುಡಿಸುವ ಕೆಲಸಕ್ಕೆ ಸೇರಿದಳು.

ಡ್ರ್ಯಾಗನ್ನಿನ ಚೌಕಟ್ಟು ಕಟ್ಟಿದವನು ಅಳತೆ ತಪ್ಪಿದ್ದ. ಒಳಗೆ ಯಾವ ಗಂಡಸೂ ನೆಟ್ಟಗೆ ನಿಲ್ಲುವ ಹಾಗಿರಲಿಲ್ಲ. ಬಂದವರೆಲ್ಲ ವಾರ ಕಳೆಯುವುದರೊಳಗೆ ಸೊಂಟ ಹಿಡಿದುಕೊಂಡು ಹೋದರು. ಒಂದು ದಿನ ಧೂಳು ಒರೆಸಲು ಒಳಗೆ ತೂರಿದ ಅಕ್ಕ ಸುಮ್ಮನೆ ಎದ್ದು ನಿಂತಳು. ಹೊಲಿಸಿದ ಹಾಗೆ ಸರಿಹೋಯಿತು. ಎರಡು ಹೆಜ್ಜೆ ಹಾಕಿದಳು, ಹಿಂದೆ ಬಾಲ ಅಲ್ಲಾಡಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಳಿಯ ಮರುದಿನದಿಂದ ಅವಳನ್ನೇ ಕೆಂಡರಾಯ ಮಾಡಿದರು.

ಆ ವೇಷವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆತ್ತದ ಚೌಕಟ್ಟು, ಅದರ ಮೇಲೆ ಸ್ಪಂಜು, ಸ್ಪಂಜಿನ ಮೇಲೆ ಕೆಂಪು ರೆಕ್ಸಿನ್. ಒಳಗೆಲ್ಲ ಅಂಟಿನ ವಾಸನೆ. ಹೊರಗೆ ನೋಡಲು ಗಂಟಲಿನ ಹತ್ತಿರ ಅಂಗೈಯಷ್ಟು ಜಾಲರಿ, ತಲೆಯೊಳಗೆ ಬ್ಯಾಟರಿಯ ಒಂದು ಪುಟ್ಟ ಫ್ಯಾನ್. ಡ್ರ್ಯಾಗನ್ನಿನ ತಲೆಯನ್ನು ಕುತ್ತಿಗೆಗೆ ಹೊರಗಿನಿಂದ ಕೊಕ್ಕೆ ಹಾಕಿ ಸಿಕ್ಕಿಸುತ್ತಿದ್ದರು. ಒಳಗಿದ್ದವರು ತಾವಾಗಿಯೇ ಅದನ್ನು ತೆಗೆಯುವಂತಿಲ್ಲ. ಸಂಜೆ ಮನೆಗೆ ಬಂದರೆ ಅಕ್ಕನ ಎರಡೂ ಭುಜದ ಮೇಲೆ ಪಟ್ಟಿಯ ಬರೆ ಇರುತ್ತಿತ್ತು.

ಇಷ್ಟಾದರೂ ಅವಳಿಗೆ ಆ ಕೆಲಸವೆಂದರೆ ಪ್ರಾಣ. ಏಕೆಂದರೆ ಅಲ್ಲೊಂದು ಪದ್ಧತಿ ಇತ್ತು. ಡ್ರ್ಯಾಗನ್ನಿನ ತಲೆ ಹಾಕಿದ ಕ್ಷಣದಿಂದ ಒಳಗಿರುವವರನ್ನು ಎಲ್ಲರೂ ರಾಯರೇ ಎಂದೇ ಕರೆಯಬೇಕು. ಎಲ್ಲಿ ಯಾವ ಮಗು ಕೇಳಿಸಿಕೊಳ್ಳುತ್ತದೋ ಎಂದು ಅಳಿಯ ಮಾಡಿದ ನಿಯಮ. ರಾಯರು ಬಂದರು, ರಾಯರೇ ಬಲಗಡೆ ಮೆಟ್ಟಿಲಿದೆ, ರಾಯರೇ ನಿಧಾನ. ಸ್ವತಃ ಅಳಿಯ ಕೂಡ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದರು. ಜೀವಮಾನದಲ್ಲಿ ಯಾರಿಂದಲೂ ಬಹುವಚನ ಕೇಳದ ನಮ್ಮಕ್ಕ ರೆಕ್ಸಿನ್ನಿನೊಳಗೆ ನಿಂತು ಅದನ್ನು ಕೇಳುತ್ತಿದ್ದಳು. ತಲೆ ತೆಗೆದರೋ ಮುಗಿಯಿತು, "ಏ, ಆ ಕಡೆ ನೀರು ಚೆಲ್ಲಿದೆ, ಒರೆಸು." ಆಟಗಳ ನಡುವೆ ಗುಡಿಸುವ ಕೆಲಸವೂ ಅವಳದೇ ಆಗಿತ್ತು. ಇದನ್ನು ಅವಳು ನಗುನಗುತ್ತ ಹೇಳಿದರೆ ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು.

ಈಗ ಎಡಗೈಯ ವಿಷಯಕ್ಕೆ ಬರುತ್ತೇನೆ. ಒಳಗಿನವರಿಗೆ ಉಸಿರು ಕಟ್ಟಿದರೆ, ತಲೆ ಸುತ್ತಿದರೆ ತಿಳಿಯಬೇಕಲ್ಲ? ಅದಕ್ಕೆ ಮೊದಲಿಗೆ ಒಂದು ಸನ್ನೆ ಗೊತ್ತುಮಾಡಿದ್ದರು. ಡ್ರ್ಯಾಗನ್ ಎಡಗೈ ಎತ್ತಿದರೆ ಪರದೆ ಎಳೆದು ತಲೆ ತೆಗೆಯಬೇಕು. ಸುರುವಿನಲ್ಲಿ ಒಮ್ಮೆ ಸಾಯುವ ದೃಶ್ಯದಲ್ಲಿ ಅಕ್ಕನಿಗೆ ತಲೆ ಸುತ್ತಿ ಕೈ ಎತ್ತಿದಳು. ಮುಂದಿನ ಸಾಲಿನ ಮಕ್ಕಳು, ಕೆಂಡರಾಯ ನಮಗೆ ಟಾಟಾ ಮಾಡುತ್ತಿದ್ದಾನೆಂದು ತಾವೂ ಕೈ ಬೀಸಿದವು. ತಾಯಂದಿರು ಕಣ್ಣೊರೆಸಿಕೊಂಡರು. ಅಳಿಯನಿಗೆ ಇಷ್ಟು ಸಾಕಾಯಿತು. ಮರುದಿನವೇ ಅದು ಪುರಾಣದೊಳಗೆ ಸೇರಿತು: ಕೆಂಡರಾಯನ ಕೊನೆಯ ಆಶೀರ್ವಾದ. ಅದಕ್ಕೊಂದು ಹಾಡನ್ನೂ ಕಟ್ಟಿಸಿದರು. ಹಾಗಾದರೆ ಉಸಿರು ಕಟ್ಟಿದಾಗ ಏನು ಎತ್ತುತ್ತೀಯ ಎಂದು ನಾನು ಕೇಳಿದೆ. ಬೇರೆ ಸನ್ನೆ ಯೋಚನೆ ಮಾಡ್ತಾರಂತೆ ಎಂದಳು. ವರ್ಷಗಳು ಕಳೆದವು, ಅವರು ಯೋಚನೆ ಮಾಡುತ್ತಲೇ ಇದ್ದರು.

ಮೊನ್ನೆ ಬೇಸಿಗೆಯಲ್ಲಿ ತಲೆಯೊಳಗಿನ ಫ್ಯಾನ್ ಕೈಕೊಟ್ಟಿತು. ಅಕ್ಕ ಹೋಗಿ ಹೇಳಿದ್ದಕ್ಕೆ ಅಳಿಯ, ಬೆಂಕಿಯಲ್ಲಿ ಬೆಳೆದ ರಾಯರಿಗೆ ಫ್ಯಾನ್ ಏತಕ್ಕೆ ಎಂದು ತಮಾಷೆ ಮಾಡಿ, ರಜೆ ಮುಗಿದ ಮೇಲೆ ನೋಡೋಣ ಎಂದರಂತೆ. ನನಗೆ ವಾರದ ರಜೆ ಇದ್ದ ದಿನ ಅವಳಿಗೆ ಊಟದ ಡಬ್ಬಿ ಕೊಡಲು ಹೋದೆ. ಆಟ ಸುರುವಾಗಿತ್ತು. ಹಿಂದಿನ ಸಾಲಿನಲ್ಲಿ ಕೂತೆ.

ಮನುಷ್ಯರು ಇನ್ನೂ ಕೆಂಡ ಕೇಳುತ್ತಿದ್ದರು. ದೀಪದ ಚೂರು ಕೊಡುವ ಹೊತ್ತಿಗೆ ಕೆಂಡರಾಯನ ಎಡಗೈ ಮೇಲೆ ಹೋಯಿತು. ಅದು ಆಶೀರ್ವಾದದ ಹೊತ್ತಲ್ಲ, ರಾಜಕುಮಾರ ಇನ್ನೂ ಬಂದೇ ಇರಲಿಲ್ಲ. ಆದರೆ ಕೈ ಕಂಡ ಕೂಡಲೇ ಮಕ್ಕಳು ಎದ್ದು ನಿಂತು ಕೈ ಬೀಸಿದವು. ಮಕ್ಕಳು ಬೀಸಿದ್ದನ್ನು ನೋಡಿ ಹಾಡು ಹಾಕುವವನು ಸಾವಿನ ಹಾಡು ಹಾಕಿದ. ಹಾಡು ಕೇಳಿದ ರಾಜಕುಮಾರ ತನ್ನ ಸರದಿ ತಪ್ಪಿಹೋಯಿತೆಂದು ಬಾಯಲ್ಲಿದ್ದದ್ದನ್ನು ನುಂಗುತ್ತ ಓಡಿಬಂದು ತಿವಿದೇಬಿಟ್ಟ. ಅಕ್ಕ ಬಿದ್ದಳು. ಬಿದ್ದಲ್ಲಿಂದ ಕೈ ಮತ್ತೆ ಎದ್ದಿತು. ಮಂಟಪದ ತುಂಬ ಇದ್ದ ಮಕ್ಕಳು ಇನ್ನೂ ಜೋರಾಗಿ ಕೈ ಬೀಸುತ್ತ ಹಾಡಿದವು.

ನಾನು ಎದ್ದು ನಿಂತು "ಹೋಲ್ಡಾನ್!" ಎಂದು ಕಿರುಚಿದೆ.

ಆ ಪದಕ್ಕೆ ಎಂಥ ಡ್ರೈವರನ ಕಾಲೂ ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹಾಡು ನಿಂತಿತು, ರಾಜಕುಮಾರ ಕತ್ತಿ ಎತ್ತಿದವನು ಎತ್ತಿದ ಹಾಗೇ ನಿಂತ. ನಾನು ಬೆಂಚುಗಳನ್ನು ದಾಟಿ ವೇದಿಕೆ ಹತ್ತಿ ಕೊಕ್ಕೆ ಬಿಚ್ಚಿ ಡ್ರ್ಯಾಗನ್ನಿನ ತಲೆ ಕಿತ್ತು ಆಚೆಗಿಟ್ಟೆ. ಒಳಗೆ ಅಕ್ಕನ ಕೂದಲು ಹಣೆಗೆ ಅಂಟಿಕೊಂಡಿತ್ತು, ಕಣ್ಣು ಮೇಲಾಗಿತ್ತು. ಮಕ್ಕಳು ಅತ್ತವು. ಒಂದು ಮಗು ಮಾತ್ರ, "ಅಮ್ಮ, ಒಳಗೆ ಅಜ್ಜಿ ಇದಾರೆ" ಎಂದದ್ದು ಎಲ್ಲರಿಗೂ ಕೇಳಿಸಿತು. ಯಾರೋ ತಾಯಿ ನೀರಿನ ಬಾಟಲಿ ಚಾಚಿದರು. ಮುಖಕ್ಕೆ ನೀರು ಬಿದ್ದಾಗ ಅಕ್ಕ ಕಣ್ಣು ಬಿಟ್ಟಳು. ಮೊದಲು ಆಡಿದ ಮಾತು ಇದು: "ತಲೆ ಹಾಕೇ. ಮಕ್ಕಳು ನೋಡ್ತಿದಾರೆ."

ಎರಡು ಬಾರಿಸೋಣ ಎನಿಸಿತು, ಆದರೆ ಅವಳು ಏಟು ತಿನ್ನುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ ಅಳಿಯ ಬಂದು, "ಕಥೆ ಕೆಡಿಸಿಬಿಟ್ರಲ್ಲ ಮೇಡಂ" ಎಂದರು.

"ಕಥೆ ಕೆಟ್ರೆ ನಾಳೆ ಇನ್ನೊಂದು ಬರೀತೀರಿ," ಎಂದೆ. "ನಮ್ಮಕ್ಕನ್ನ ಯಾರು ಬರ್ಕೊಡ್ತಾರೆ?"

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದಾಗಲೂ ಅಕ್ಕ ಹೇಳಿದ್ದೇನು ಗೊತ್ತೇ? ತಪ್ಪು ತನ್ನದೇ ಅಂತೆ, ದೀಪದ ದೃಶ್ಯದಲ್ಲಿ ಕೈ ಎತ್ತಬಾರದಿತ್ತಂತೆ. ನಾನು ಎದ್ದು ಹೊರಗೆ ಹೋಗಿ ಕಾರಿಡಾರಿನಲ್ಲಿ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಮಕ್ಕಳೆದುರು ತಲೆ ತೆಗೆದದ್ದಕ್ಕೆ ಅವಳನ್ನು ವೇಷದಿಂದ ಬಿಡಿಸಿ ಬರೀ ಪೊರಕೆ ಕೊಟ್ಟರು. ತೆಗೆದವಳು ನಾನು, ಶಿಕ್ಷೆ ಅವಳಿಗೆ. ಹೊಸ ಚೌಕಟ್ಟು ಮಾಡಿಸಿ, ಫ್ಯಾನ್ ಕೆಟ್ಟ ಅದೇ ಹಳೆಯ ತಲೆ ಸಿಕ್ಕಿಸಿ, ಒಳಗೆ ಪಾರ್ಕಿನ ಪೇಂಟರನ್ನು ನಿಲ್ಲಿಸಿದರು. ಆದರೆ ಬಂದ ಮಕ್ಕಳೆಲ್ಲ ಒಳಗಿನ ಅಜ್ಜಿ ಎಲ್ಲಿ ಎಂದು ಕೇಳತೊಡಗಿದವು. ಅಳಿಯನ ತಲೆ ಓಡಿತು. ಕೆಂಡರಾಯನ ಎದೆಯೊಳಗೆ ಒಬ್ಬಳು ಆದಿತಾಯಿ ಇದ್ದಾಳೆ, ಅವನು ಬಿದ್ದಾಗ ಆಕಾಶದಿಂದ "ನಿಲ್ಲಿರಿ" ಎಂಬ ಅಶರೀರವಾಣಿ ಕೇಳುತ್ತದೆ, ಆಗ ಅವಳು ಹೊರಗೆ ಬಂದು ನೀರು ಚಿಮುಕಿಸುತ್ತಾಳೆ ಎಂದು ಪುರಾಣ ತಿದ್ದಿದರು. ಇಷ್ಟು ದಪ್ಪ ಶರೀರ ಹೊತ್ತು ನಿಂತು ಕೂಗಿದವಳನ್ನು ಅಶರೀರವಾಣಿ ಮಾಡಿದರು. ಆದಿತಾಯಿಯ ಪಾತ್ರಕ್ಕೆ ಒಂದು ಎಳೆಯ ಹುಡುಗಿಯನ್ನು ತಂದು, ಬಿಳಿ ವಿಗ್ಗು ಹಾಕಿ, ಪೆನ್ಸಿಲಿನಿಂದ ಸುಕ್ಕು ಬರೆದರು. ನಿಜವಾದ ಸುಕ್ಕಿನವಳು ಆ ಮೆಟ್ಟಿಲಿನ ಕೆಳಗೆ ಕಡಲೆಕಾಯಿ ಸಿಪ್ಪೆ ಗುಡಿಸುತ್ತಿದ್ದಳು. ಕೆಲಸ ಬಿಡು ಎಂದೆ. "ಬಿಟ್ರೆ ಆ ಪೇಂಟರ್ ಕಡೆ ನೋಡೋರ್ಯಾರು?" ಎಂದಳು. ನನಗೆ ಅರ್ಥವಾಗಲಿಲ್ಲ, ಚೆನ್ನಾಗಿ ಬೈದೆ.

ಕಳೆದ ವಾರ ಒಂದು ದಿನ ಅಕ್ಕ ಮನೆಗೆ ಬೇಗ ಬಂದಳು. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತು, ಫ್ಯಾನ್ ಹಾಕಿಸ್ತಾರಂತೆ ಎಂದಷ್ಟೇ ಹೇಳಿದಳು. ಉಳಿದದ್ದು ನನಗೆ ಗೊತ್ತಾದದ್ದು ಮರುದಿನ, ಅದೇ ಪೇಂಟರ್ ನನ್ನ ಬಸ್ಸು ಹತ್ತಿದಾಗ.

ಅವನಿಗೂ ಒಳಗೆ ಉಸಿರು ಕಟ್ಟಿತ್ತಂತೆ. ಎಡಗೈ ಎತ್ತಿದ. ಮಕ್ಕಳು ಕೈ ಬೀಸಿದವು, ಹಾಡು ಸುರುವಾಯಿತು. ಆಗ ಮೆಟ್ಟಿಲಿನ ಕೆಳಗಿನಿಂದ ಅಕ್ಕ ಹೋಲ್ಡಾನ್ ಎಂದು ಕೂಗಿದಳಂತೆ. ಜನ ಅಶರೀರವಾಣಿ ಬಂತೆಂದು ಚಪ್ಪಾಳೆ ತಟ್ಟಿದರು. ವಿಗ್ಗಿನ ಹುಡುಗಿ ನೀರು ಚಿಮುಕಿಸಲು ಸಿದ್ಧಳಾದಳು. ಅಕ್ಕ ಪೊರಕೆ ಹಿಡಿದೇ ವೇದಿಕೆ ಹತ್ತಿ, ಕೊಕ್ಕೆ ಬಿಚ್ಚಿ, ವರ್ಷಗಟ್ಟಲೆ ಮಕ್ಕಳ ಕಣ್ಣಿಗೆ ಬೀಳುವಂತೆ ತೆಗೆಯಲು ಬಿಡದ ಆ ತಲೆಯನ್ನು ಮಕ್ಕಳೆದುರೇ ತೆಗೆದಳು.

"ಕೈ ಇಳಿಸಿ ಮಕ್ಕಳೇ," ಎಂದಳಂತೆ. "ಅದು ಆಶೀರ್ವಾದ ಅಲ್ಲ. ಉಸಿರಾಡಕ್ಕೆ ಆಗ್ತಿಲ್ಲ ಅಂತ ಅರ್ಥ. ಮೊದಲಿಂದಲೂ ಅದೇ ಅರ್ಥ."

ಎತ್ತಿದ್ದ ಕೈಗಳೆಲ್ಲ ಒಂದೊಂದಾಗಿ ಇಳಿದವು. ಪರದೆಯ ಪಕ್ಕದಿಂದ ಅಳಿಯ, "ಏ, ನಿನಗೆ ಯಾರು ಹೇಳಿದ್ದು ಮೇಲೆ ಬಾ ಅಂತ?" ಎಂದು ಗದರಿದರು. ಅಕ್ಕ ಅವರ ಕಡೆ ತಿರುಗಿದಳು.

"ಏ ಅನ್ಬೇಡಿ ಸಾರ್. ಇಷ್ಟು ವರ್ಷ ಅದೇ ಬಾಯಲ್ಲಿ ನನ್ನನ್ನ ರಾಯರೇ ಅಂದಿದೀರಿ. ಒಳಗಿದ್ದೋಳು ನಾನೇ."

ಅಳಿಯ ಅಲ್ಲೇ ನಿಂತು, ಫ್ಯಾನ್ ಹಾಕಿಸ್ತೀನಿ ಎಂದು ಒಪ್ಪಿಕೊಂಡರಂತೆ. ಪೇಂಟರ್ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವನು ಇಳಿಯುವ ಸ್ಟಾಪ್ ದಾಟಿಹೋಗಿತ್ತು. ನಾನು ಬೆಲ್ ಹೊಡೆಯುವುದನ್ನೇ ಮರೆತಿದ್ದೆ.