ತುಕ್ಕಿನ ತೂಕ

ನಾನು ಬಿ.ಎಡ್. ಮುಗಿಸಿ ಭದ್ರಾವತಿಯ ಜನ್ನಾಪುರದ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದ್ದು ತೊಂಬತ್ತರ ದಶಕದ ನಡುವೆ. ನಮ್ಮ ಮನೆ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ. ಬಸ್ಸು ಮಲವಗೊಪ್ಪ ದಾಟುವಷ್ಟರಲ್ಲಿ ಅವತ್ತಿನ ಪಾಠವನ್ನು ಮನಸ್ಸಿನಲ್ಲೇ ಒಂದು ಸಲ ಒಪ್ಪಿಸಿಕೊಳ್ಳುತ್ತಿದ್ದೆ. ಸೇರಿದ ಎರಡನೇ ವರ್ಷ ಹೆಡ್‌ಮಾಸ್ಟರು ಕರೆದು, "ಭಾನುವಾರ ಬೆಳಗ್ಗೆ ಎರಡು ಗಂಟೆ ಬಿಡುವು ಮಾಡ್ಕೊಳ್ಳಮ್ಮ. ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿರೋ ಕೆಲಸಗಾರರಿಗೆ ಪಾಠ ಹೇಳ್ಬೇಕು" ಎಂದರು.

ಹನ್ನೊಂದು ಜನ ಬಂದರು. ಹೆಚ್ಚಿನವರು ನನ್ನ ವಯಸ್ಸಿನವರೇ. ಒಬ್ಬರು ಮಾತ್ರ ನಲವತ್ತೈದು ದಾಟಿದವರು, ಊರಿನ ಒಂದು ಸಣ್ಣ ಫೌಂಡ್ರಿಯಲ್ಲಿ ಇಪ್ಪತ್ತು ವರ್ಷದಿಂದ ಕಬ್ಬಿಣ ಕರಗಿಸುತ್ತಿದ್ದವರು. ಬೆಂಕಿಯ ಝಳಕ್ಕೆ ಅವರ ಹುಬ್ಬು ಅರ್ಧ ಸುಟ್ಟುಹೋಗಿತ್ತು. ಮನೆಮಾತು ತಮಿಳು. ಹತ್ತನೇ ಕ್ಲಾಸು ಪಾಸಾದರೆ ಕ್ರೇನ್ ನಡೆಸುವ ಕೆಲಸಕ್ಕೆ ಹಾಕುತ್ತೇವೆಂದು ಮೇಲಿನವರು ಹೇಳಿದ್ದರಂತೆ. ಅವರು ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಧಾತು, ಸಂಯುಕ್ತ, ಮಿಶ್ರಣ ಎಲ್ಲ ಸಲೀಸಾಗಿ ಮುಗಿಯಿತು. ರಾಸಾಯನಿಕ ಬದಲಾವಣೆಯ ಪಾಠದಲ್ಲಿ ಸಿಕ್ಕಿಬಿದ್ದೆ. ಕಬ್ಬಿಣದ ಜೊತೆ ಗಾಳಿಯ ಆಮ್ಲಜನಕ ಸೇರಿ ತುಕ್ಕಾಗುತ್ತದೆ, ಹಾಗಾಗಿ ತುಕ್ಕಿನ ತೂಕ ಮೊದಲಿದ್ದ ಕಬ್ಬಿಣಕ್ಕಿಂತ ಹೆಚ್ಚು ಎಂದು ಬೋರ್ಡಿನ ಮೇಲೆ ಬರೆದೆ. ಅಣ್ಣ ಎದ್ದು ನಿಂತರು.

"ಇಲ್ಲ ಟೀಚರಮ್ಮ. ತುಕ್ಕು ಕಬ್ಬಿಣನ ತಿನ್ನುತ್ತೆ. ತಿಂದ ಮೇಲೆ ಕಮ್ಮಿ ಆಗ್ಬೇಕಲ್ವಾ? ಹಳೇ ಗೇಟು ಎತ್ತಿ ನೋಡಿ, ಹಗುರ ಇರುತ್ತೆ."

"ಪುಸ್ತಕದಲ್ಲಿ ಹೀಗೇ ಇದೆ ಅಣ್ಣ."

"ಪುಸ್ತಕ ಬರೆದೋರು ಕಬ್ಬಿಣ ಹೊತ್ತಿದ್ರಾ?"

ಎಲ್ಲರೂ ನಕ್ಕರು. ನನಗೆ ಮುಖ ಬಿಸಿಯಾಯಿತು. ಆ ಸಾಲನ್ನು ನಾನು ಪರೀಕ್ಷೆಗಳಲ್ಲಿ ಎಷ್ಟೋ ಸಲ ಬರೆದು ನಂಬರು ತಗೊಂಡಿದ್ದೆ, ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. "ಸರಿ, ತೂಕ ಹಾಕೇ ನೋಡೋಣ" ಎಂದುಬಿಟ್ಟೆ.

ಶಾಲೆಯ ತಕ್ಕಡಿಯ ಒಂದು ತಟ್ಟೆ ಎಂದೋ ಮುರಿದಿತ್ತು. ಅದೇ ಬೀದಿಯ ಅಕ್ಕಸಾಲಿಯೊಬ್ಬರು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿಕೊಡಲು ಒಪ್ಪಿದರು. ನಾಲ್ಕು ಹೊಸ ಮೊಳೆ ತೂಗಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎರಡು ವಾರ ಬಿಟ್ಟು ಒರೆಸಿ ಒಣಗಿಸಿ ಮತ್ತೆ ಒಯ್ದೆವು. ತೂಕ ಕಮ್ಮಿಯಾಗಿತ್ತು. ಅಣ್ಣ ಮೊಳೆಗಳನ್ನು ಎತ್ತಿ ನನ್ನ ಅಂಗೈಗಿಟ್ಟರು.

ನನ್ನನ್ನು ಉಳಿಸಿದ್ದು ಅಕ್ಕಸಾಲಿ. ಅವರು ಕನ್ನಡಕ ಮೇಲೇರಿಸಿ, "ಒರೆಸಿದ ಬಟ್ಟೆ ಎಲ್ಲಮ್ಮ?" ಎಂದರು.

"ಬಿಸಾಕಿದ್ವಿ."

"ಮತ್ತೆ? ನಾವು ಚಿನ್ನಕ್ಕೆ ಅರ ಹಾಕೋವಾಗ ಕೆಳಗೆ ಬಟ್ಟೆ ಹಾಸ್ಕೊಂಡು ಕೂರ್ತೀವಿ. ಉದುರಿದ ಪುಡಿನೂ ಚಿನ್ನನೇ. ನೀವು ತುಕ್ಕನ್ನೆಲ್ಲ ಒರೆಸಿ ಬಿಸಾಕಿ ಉಳಿದಿದ್ದನ್ನ ತಂದಿದ್ದೀರಿ ಮಾರಾಯ್ತಿ!"

ಇಷ್ಟು ಸಣ್ಣ ವಿಷಯ ವಿಜ್ಞಾನ ಓದಿದ ನನಗೆ ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ನಗುವೂ ಬಂತು.

ಎರಡನೇ ಸಲ ಯಾವುದೂ ಉದುರಿಹೋಗದ ಹಾಗೆ ನೋಡಿಕೊಂಡೆವು. ಅಣ್ಣ ಫೌಂಡ್ರಿಯಿಂದ ಕಬ್ಬಿಣದ ಸಣ್ಣ ಪುಡಿ ತಂದರು. ಎಣ್ಣೆ ಹೋಗುವಂತೆ ಸೋಪಿನಲ್ಲಿ ತೊಳೆದು ಒಣಗಿಸಿ, ಹತ್ತು ಗ್ರಾಂ ಪುಡಿಯನ್ನು ಗಾಜಿನ ಬಟ್ಟಲಿಗೆ ಹಾಕಿ, ಬಟ್ಟಲಿನ ಸಮೇತ ತೂಗಿಸಿದೆವು. ಸ್ಟಾಫ್ ರೂಮಿನ ಕಿಟಕಿಯಲ್ಲಿಟ್ಟು ದಿನಾ ನಾಲ್ಕು ಹನಿ ನೀರು ಚಿಮುಕಿಸಿದೆ. "ಏನು ಬಿತ್ತನೆ ಮಾಡಿದ್ದೀರಿ ಮೇಡಂ, ಮೊಳಕೆ ಬಂತಾ?" ಎಂದು ಗಣಿತದ ಮೇಷ್ಟ್ರು ರೇಗಿಸುತ್ತಿದ್ದರು. ಮೂರು ವಾರದಲ್ಲಿ ಪುಡಿಯೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಹೆಪ್ಪುಗಟ್ಟಿತು. ಅದನ್ನು ಬಿಸಿಲಿನಲ್ಲಿ ಐದು ದಿನ ಒಣಗಿಸಿದೆ.

ಭಾನುವಾರ ಹನ್ನೊಂದು ಜನವೂ ಅಕ್ಕಸಾಲಿಯ ಅಂಗಡಿಯೆದುರು ಸೇರಿದರು. ಮೊದಲಿನಷ್ಟೇ ತೂಕದ ಬಟ್ಟುಗಳನ್ನು ಎದುರಿಗಿಟ್ಟರೂ ಬಟ್ಟಲು ಇಟ್ಟ ಕಡೆಯ ತಟ್ಟೆ ಕೆಳಗಿಳಿಯಿತು. ಅಣ್ಣ ಒಪ್ಪದೆ ತಲೆಯಾಡಿಸಿದರು. "ನೀರಿರ್ಬೇಕು ಒಳಗೆ." ನ್ಯಾಯವಾದ ಮಾತೇ. ಇನ್ನೊಂದು ವಾರ ಒಣಗಿಸಿ ತಂದೆವು. ತಟ್ಟೆ ಮತ್ತೆ ಇಳಿಯಿತು. ಅಕ್ಕಸಾಲಿ ಎದುರಿನ ತಟ್ಟೆಗೆ ಒಂದೊಂದೇ ಗುಲಗಂಜಿ ಕಾಳು ಹಾಕುತ್ತಾ ಹೋದರು. ಐದಕ್ಕೆ, ಅಂದರೆ ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚಿಗೆ, ಮುಳ್ಳು ನೆಟ್ಟಗಾಯಿತು.

ಅಣ್ಣ ಬಟ್ಟಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಹಂಗಾದ್ರೆ ಗಾಳಿಗೂ ತೂಕ ಇದೆ ಅಂತ."

"ಇದೆ ಅಣ್ಣ. ಸ್ವಲ್ಪ ನೀರಿನ ಅಂಶಾನೂ ಅದರ ಜೊತೆ ಸೇರ್ಕೊಂಡಿರುತ್ತೆ. ಬಿಸಿಲಿಗೆ ಅದು ಬಿಡೋದಿಲ್ಲ."

ಅವರು ಇದ್ದಕ್ಕಿದ್ದ ಹಾಗೆ ಜೋರಾಗಿ ಹೇಳಿದರು: "ತುಕ್ಕು ಹಿಡಿದ ಸ್ಕ್ರ್ಯಾಪ್ ಕರಗಿಸಿದ್ರೆ ಕಬ್ಬಿಣ ಯಾವಾಗ್ಲೂ ಲೆಕ್ಕಕ್ಕಿಂತ ಕಮ್ಮಿ ಬರುತ್ತೆ. ಹುಡುಗರು ಚೆಲ್ಲಿದ್ರು ಅಂತ ನಾವು ಬೈತಿದ್ವಿ. ಗಾಳಿನೂ ಸೇರಿಸಿ ತೂಗ್ತಿದ್ವಲ್ಲ, ಇಪ್ಪತ್ತು ವರ್ಷದಿಂದ!"

ಆ ಮಾತು ಕೇಳಿ ನನಗೆ ಮೈ ಝುಮ್ಮೆಂದಿತು. ಅದು ನನ್ನ ಪುಸ್ತಕದಲ್ಲಿರಲಿಲ್ಲ. ನಾನು ಬರೆದ ಒಂದು ಸಾಲನ್ನು ಅವರು ತಮ್ಮ ಕುಲುಮೆಯ ತನಕ ಒಯ್ದಿದ್ದರು. ಅವತ್ತು ಅಕ್ಕಸಾಲಿ ಎಲ್ಲರಿಗೂ ಟೀ ತರಿಸಿದರು. ರಸ್ತೆಯಂಚಿನಲ್ಲಿ ನಿಂತು ಕುಡಿಯುತ್ತಾ ನಮ್ಮ ಕೆಲಸಗಾರರು ಸೀಮೆಎಣ್ಣೆ ಉರಿದರೆ ಎಲ್ಲಿ ಹೋಗುತ್ತೆ, ಸುಣ್ಣದ ಕಲ್ಲು ಸುಟ್ಟರೆ ಯಾಕೆ ಹಗುರ ಆಗುತ್ತೆ ಎಂದು ವಾದಕ್ಕಿಳಿದರು. ಒಂದು ಗಂಟೆಯ ಬಸ್ಸು ನನಗೆ ತಪ್ಪಿತು. ಬೇಜಾರೇನೂ ಆಗಲಿಲ್ಲ.

ಆ ವರ್ಷ ಅಣ್ಣ ವಿಜ್ಞಾನದಲ್ಲಿ ಪಾಸಾದರು, ಇಂಗ್ಲಿಷಿನಲ್ಲಿ ಹೋಯಿತು. ಫಲಿತಾಂಶ ಹೇಳಲು ಶಾಲೆಗೆ ಬಂದವರು, "ಇಂಗ್ಲಿಷ್‌ನ ತಕ್ಕಡಿಗೆ ಹಾಕೋಕಾಗಲ್ಲ ಟೀಚರಮ್ಮ, ಅದಕ್ಕೇ ನಂಬಿಕೆ ಬರ್ಲಿಲ್ಲ" ಎಂದು ನಕ್ಕರು. ಮುಂದಿನ ಸಲ ಅದನ್ನೂ ಮುಗಿಸಿಕೊಂಡು ಕ್ರೇನ್ ಹತ್ತಿದರು.

ನಾನು ಆಮೇಲೂ ಬಹಳ ವರ್ಷ ಅದೇ ಪಾಠ ಮಾಡಿದೆ. ಬೋರ್ಡಿನ ಮೇಲೆ ಬರೆಯುವ ಮೊದಲು ಮಕ್ಕಳನ್ನು ಕೇಳುತ್ತಿದ್ದೆ: ತುಕ್ಕು ಹಿಡಿದರೆ ತೂಕ ಹೆಚ್ಚುತ್ತೋ, ಕಮ್ಮಿಯಾಗುತ್ತೋ? ಕ್ಲಾಸು ಎರಡು ಪಾಲಾಗಿ ಕೂಗಾಡುತ್ತಿತ್ತು. ಪಕ್ಕದ ಕೋಣೆಯಿಂದ ಗಣಿತದ ಮೇಷ್ಟ್ರು ಗೋಡೆ ಬಡಿಯುವವರೆಗೂ ನಾನು ಅವರನ್ನು ಸುಮ್ಮನಾಗಿಸುತ್ತಿರಲಿಲ್ಲ.